ಲಂಡನ್ ಟ್ಯೂಬ್‌ನಲ್ಲಿ ಫೋಟೋ ತೆಗೆಯುವಾಗ ರೈಲನ್ನು ಗೆರೆಯಾಗಿಸುವ ಸೂತ್ರಗಳು

1. ಮೊದಲು ನಿಲ್ದಾಣ ಆರಿಸಿ. ಜುಬಿಲಿ ಮಾರ್ಗದ ವೆಸ್ಟ್‌ಮಿನ್‌ಸ್ಟರ್, ಕ್ಯಾನರಿ ವಾರ್ಫ್ ನಿಲ್ದಾಣಗಳ ಕಟ್ಟಡ ಅದ್ಭುತ, ಒಪ್ಪೋಣ. ಆದರೆ 1999ರಲ್ಲಿ ತೆರೆದ ಆ ಭಾಗದಲ್ಲಿ ಹಳಿಗೂ ಪ್ಲಾಟ್‌ಫಾರಂಗೂ ನಡುವೆ ಗಾಜಿನ ಬಾಗಿಲುಗಳಿವೆ. ರೈಲಿಗಿಂತ ನಿಮ್ಮ ಪ್ರತಿಬಿಂಬವೇ ಚೆನ್ನಾಗಿ ಬೀಳುತ್ತದೆ. 1863ರ ಇಟ್ಟಿಗೆ ಕಮಾನುಗಳಿರುವ ಬೇಕರ್ ಸ್ಟ್ರೀಟ್‌ಗೆ ಹೋಗಿ. ಗೆರೆ ಬಾಗಬೇಕೆಂದರೆ ಎಂಬ್ಯಾಂಕ್‌ಮೆಂಟ್‌ನಲ್ಲಿ ಉತ್ತರಕ್ಕೆ ಹೋಗುವ ನಾರ್ದರ್ನ್ ಮಾರ್ಗದ ಪ್ಲಾಟ್‌ಫಾರಂ. ಅಲ್ಲಿ ಹಳಿಯೇ ಬಿಲ್ಲಿನಂತೆ ಬಾಗಿದೆ.

2. ಟ್ರೈಪಾಡ್ ಮನೆಯಲ್ಲಿರಲಿ. ಅನುಮತಿ ಪಡೆಯದೆ ಅದನ್ನು ಇಡುವಂತಿಲ್ಲ, ಫ್ಲ್ಯಾಶ್ ಅಂತೂ ಕೂಡದು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಇಲ್ಲವೇ ಬೆಂಚಿನ ಮೇಲೆ ಬ್ಯಾಗ್, ಬ್ಯಾಗಿನ ಮೇಲೆ ಕ್ಯಾಮೆರಾ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಬೆರಳಿನ ಅಲುಗಾಟವೂ ತಪ್ಪುತ್ತದೆ.

3. ಅರ್ಧ ಸೆಕೆಂಡಿನಿಂದ ಶುರುಮಾಡಿ. ಹೊಸಬರು ಹೆಚ್ಚು ಹೊತ್ತು ಶಟರ್ ತೆರೆದಷ್ಟೂ ಚಿತ್ರ ಚೆಂದ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: ಗಂಟೆಗೆ 36 ಕಿ.ಮೀ. ವೇಗದ ರೈಲು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. 1/15 ಸೆಕೆಂಡಿನಲ್ಲಿ ಮುಕ್ಕಾಲು ಮೀಟರೂ ಇಲ್ಲ. ನೋಡಿದವರು ಕೈ ನಡುಗಿತೇನೋ ಅನ್ನುತ್ತಾರೆ. ಅರ್ಧ ಸೆಕೆಂಡಿನಲ್ಲಿ 5 ಮೀಟರ್: ಕಿಟಕಿಗಳ ಬೆಳಕು ಉದ್ದಕ್ಕೆ ಎಳೆದುಕೊಳ್ಳುತ್ತದೆ, ಕೆಂಪು ಬಾಗಿಲುಗಳ ಬಣ್ಣವೂ ಉಳಿಯುತ್ತದೆ. ಎರಡು ಸೆಕೆಂಡಿಗೆ ಎಲ್ಲ ಬೆರೆತು ನಯವಾದ ಪಟ್ಟಿ. ಹದಿನೈದು ಸೆಕೆಂಡಿಗೆ ರೈಲು ದಾಟಿಯೇ ಹೋಗಿರುತ್ತದೆ. ಅದರ ಮೈಯೊಳಗಿಂದ ಆಚೆ ಗೋಡೆಯ ಜಾಹೀರಾತು ಇಣುಕುತ್ತದೆ. ಅದೇ ಬೇಕೆನ್ನುವವರೂ ಇದ್ದಾರೆ, ನನಗೆ ರುಚಿಸದು.

4. ಐಎಸ್‌ಒ 100, ಅಪರ್ಚರ್ ಎಫ್/8. ಬಿಳುಚಿದರೆ ಎಫ್/11. ರಾ ಫೈಲ್‌ನಲ್ಲಿ ತೆಗೆದರೆ ದೀಪಗಳ ಹಳದಿ, ಹಸಿರು ಛಾಯೆಯನ್ನು ಆಮೇಲೆ ತಿದ್ದಬಹುದು.

5. ಬರುವ ರೈಲು ಬೇಡ, ಹೊರಡುವ ರೈಲು ಹಿಡಿಯಿರಿ. ಬರುವಾಗ ಮುಂದೀಪ ನೇರ ಲೆನ್ಸಿಗೆ ಹೊಡೆಯುತ್ತದೆ. ಚಾಲಕರ ಮುಖಕ್ಕೆ ಕ್ಯಾಮೆರಾ ಹಿಡಿಯುವುದೂ ಸರಿಯಲ್ಲ. ಹೊರಡುವ ರೈಲು ಮೊದಲು ತೆವಳಿ, ಆಮೇಲೆ ಓಡುತ್ತದೆ. ಆದ್ದರಿಂದ ಮೊದಲ ಡಬ್ಬಿಗಳನ್ನು ಹೋಗಗೊಟ್ಟು, ಕೊನೆಯವು ಎದುರಿಗೆ ಬಂದಾಗ ಒತ್ತಿ. ಹಿಂದಿನ ಕೆಂಪು ದೀಪ ಸುರಂಗದ ಬಾಯಿಗೆ ಗೆರೆ ಎಳೆದುಕೊಂಡು ಹೋಗುತ್ತದೆ.

6. ನಿಂತವರೊಬ್ಬರು ಬೇಕೇ ಬೇಕು. ಬರೀ ಗೆರೆಗಳ ಚಿತ್ರ ಪರದೆಯ ಬಟ್ಟೆಯಂತೆ, ಎದುರಿಗೆ ಏನಾದರೂ ಇದ್ದರೇ ಶೋಭೆ. ಫೋನಿನಲ್ಲಿ ಮುಳುಗಿದವರು ಅರ್ಧ ಸೆಕೆಂಡು ಅಲುಗುವುದಿಲ್ಲ. ಛಾಯಾಗ್ರಾಹಕರಿಗೆ ಮೊಬೈಲಿನಿಂದಾದ ಉಪಕಾರ! ಅವರ ಹಿಂದೆ ರೈಲು, ಫೋಕಸ್ ಅವರ ಮೇಲೆ. ಯಾರೂ ಸಿಗದಿದ್ದರೆ ಕೆಂಪು ವೃತ್ತಕ್ಕೆ ನೀಲಿ ಪಟ್ಟಿಯ ನಿಲ್ದಾಣದ ಫಲಕವೇ ಸಾಕು.

7. ಹಳದಿ ಗೆರೆಯ ಹಿಂದೆಯೇ ನಿಲ್ಲಿ. ಜನದಟ್ಟಣೆಯ ಹೊತ್ತು ಬಿಟ್ಟು ಹೋಗಿ. ಸಿಬ್ಬಂದಿ ಸಾಕು ಅಂದರೆ ವಾದಕ್ಕಿಳಿಯದೆ ಮುಂದಿನ ನಿಲ್ದಾಣದ ರೈಲು ಹತ್ತಿ.