ದಿವಾಳಿ ಅರ್ಜಿಯೂ ನಮ್ಮ ಸಹಿಯೂ

ವಾಚನಾಲಯಕ್ಕೆ ಪತ್ರಿಕೆ ಓದಲು ಬಂದವರು ಒಮ್ಮೊಮ್ಮೆ ಮಡಿಚಿದ ಕಾಗದವೊಂದನ್ನು ಮೇಜಿನ ಮೇಲಿಟ್ಟು, “ಇದರಲ್ಲಿ ಏನಿದೆ, ಸ್ವಲ್ಪ ನೋಡಿ” ಎನ್ನುವುದುಂಟು. ಈಚೆಗೆ ಹಾಗೆ ಬಂದದ್ದು ಒಂದು ದಿವಾಳಿ ಅರ್ಜಿ. ಮರಾಠಿಯವರು ನಾದಾರಿ ಎನ್ನುತ್ತಾರೆ. ಸಾಲ ಕೊಟ್ಟವರ ಹೆಸರು ಬರೆಯುವ ಜಾಗ ಅರ್ಧ ಖಾಲಿ. ಕೆಳಗೆ ನಮ್ಮ ಬಂಧುಗಳ ಹೆಬ್ಬೆಟ್ಟಿನ ಗುರುತು. ಅವರೋ ಕನ್ನಡವನ್ನು ಚೆನ್ನಾಗಿ ಬರೆಯಬಲ್ಲವರು! ಕೇಳಿದರೆ, “ಕೋರ್ಟಿನಲ್ಲಿ ಕನ್ನಡ ಸಹಿ ನಡೆಯುವುದಿಲ್ಲವೆಂದು ಅರ್ಜಿ ಬರೆದವರು ಹೇಳಿದರು” ಎಂದರು.

ಇದು ತಪ್ಪು ತಿಳಿವಳಿಕೆ. ಸಹಿ ಇಂಥ ಲಿಪಿಯಲ್ಲೇ ಇರಬೇಕೆಂದು ಕಾನೂನು ಹೇಳಿಲ್ಲ. ಹೆಬ್ಬೆಟ್ಟಿನಂಥ ಗುರುತನ್ನು ಸಹಿಯೆಂದು ಎಣಿಸುವುದು ತನ್ನ ಹೆಸರನ್ನು ಬರೆಯಲಾರದವನ ವಿಷಯದಲ್ಲಿ. 1897ರ ಜನರಲ್ ಕ್ಲಾಜಸ್ ಕಾಯಿದೆಯ ಮಾತು ಇದು. ಇಂಗ್ಲಿಷ್ ಬಾರದವನು ಅಕ್ಷರ ಬಾರದವನಲ್ಲ.

ಮುಂಬಯಿ, ಕಲ್ಕತ್ತ, ಮದರಾಸು ನಗರಗಳಿಗೆ 1909ರ ದಿವಾಳಿ ಕಾಯಿದೆ. ಪುಣೆಯಂಥ ಊರುಗಳಿಗೆ 1920ರ ಪ್ರಾಂತೀಯ ದಿವಾಳಿ ಕಾಯಿದೆ. 2016ರ ಹೊಸ ಸಂಹಿತೆಯ ವ್ಯಕ್ತಿಗಳ ಭಾಗವನ್ನು 2019ರ ಡಿಸೆಂಬರ್ 1ರಂದು ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಾವಿಲ್ಲಿ ಹೇಳುವುದು 1920ರ ಕಾಯಿದೆಯ ಮಾತು.

ಅದರ 12ನೆಯ ಕಲಮಿನಂತೆ ಅರ್ಜಿಗೆ ಸಿವಿಲ್ ದಾವೆಯ ರೀತಿಯಲ್ಲೇ ಸಹಿಯೂ ಸತ್ಯಾಪನೆಯೂ ಬೇಕು. ಎಂದರೆ ಅರ್ಜಿಯ ಕೊನೆಯಲ್ಲಿ ಒಂದು ಸಹಿ. ವಕೀಲರಿದ್ದರೆ ಅವರದೂ ಒಂದು. ಅದರ ಕೆಳಗೆ ಸತ್ಯಾಪನೆಯ ಒಕ್ಕಣೆ, ಅದಕ್ಕೆ ಬೇರೆ ಸಹಿ. ಹಲವರು ಎಡವುವುದು ಇಲ್ಲೇ. ಯಾವ ಯಾವ ಅಂಕೆಯ ಕಂಡಿಕೆ ನನಗೆ ಸ್ವತಃ ಗೊತ್ತು, ಯಾವುದು ಬೇರೆಯವರಿಂದ ತಿಳಿದು ನಿಜವೆಂದು ನಂಬಿದ್ದು ಎಂದು ವಿಂಗಡಿಸಿ ಹೇಳಬೇಕು. ಸಹಿ ಮಾಡಿದ ತಾರೀಖು, ಸ್ಥಳ ಎರಡೂ ಬೇಕು. 2002ರಿಂದ ಇದರ ಜೊತೆಗೆ ಅಫಿಡವಿಟ್ಟೂ ಸೇರಿದೆ. ವಕೀಲರಿಗೆ ಕೊಡುವ ವಕಾಲತ್ತಿನ ಸಹಿ ಬೇರೆಯೇ. ಇಷ್ಟು ಸಹಿಗಳನ್ನು ಒಂದೇ ಉಸಿರಿನಲ್ಲಿ ಹಾಕಿಸಿಕೊಳ್ಳುವವರಿಗೆ “ಸ್ವಲ್ಪ ತಾಳಿ, ಓದಿ ಹೇಳಿ” ಎನ್ನಲು ಸಂಕೋಚವೇಕೆ?

ಒಕ್ಕಣೆಯಲ್ಲಿ ಲೋಪವಿದ್ದರೆ ತಿದ್ದಲು ಕೋರ್ಟು ಸಾಮಾನ್ಯವಾಗಿ ಅವಕಾಶ ಕೊಡುತ್ತದೆ. ಆದರೆ ಸುಳ್ಳಿಗೆ ಸಹಿ ಹಾಕಿದರೆ ಮಾತು ಬೇರೆ. ಎಲ್ಲ ಸಾಲಗಳ ವಿವರ, ಕೊಟ್ಟವರ ಹೆಸರು ವಿಳಾಸ, ತನ್ನ ಎಲ್ಲ ಆಸ್ತಿ ಅರ್ಜಿಯಲ್ಲಿ ಬರಬೇಕು. ಊರಿನ ಪಾಲಿನ ಹೊಲವೂ ಆಸ್ತಿಯೇ, ಕೈಗಡವೂ ಸಾಲವೇ. ವಿಚಾರಣೆಯ ದಿನ ಸಾಲ ಕೊಟ್ಟವರೆದುರಿಗೇ ನ್ಯಾಯಾಧೀಶರು ನಿಮ್ಮನ್ನು ಪ್ರಶ್ನಿಸುತ್ತಾರೆ. ಆಗ “ಬರೆದವನು ಅವನು, ನನಗೆ ತಿಳಿಯದು” ಎಂದರೆ ಕೆಳಗಿನ ಸಹಿಯೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಮೋಸದಿಂದ ಆಸ್ತಿ ಮುಚ್ಚಿಟ್ಟವನಿಗೆ 69ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆ. ತಿಳಿದೂ ಸುಳ್ಳು ಸತ್ಯಾಪನೆ ಮಾಡಿದರೆ ಸುಳ್ಳು ಸಾಕ್ಷ್ಯದ ಆರೋಪವೂ ಬರಬಹುದು. ಅದರ ಶಿಕ್ಷೆ ಏಳು ವರ್ಷದವರೆಗೆ ಹೋಗುತ್ತದೆ.

ನಮ್ಮವರು ಸಾಲ ಕೊಟ್ಟವರ ಪಕ್ಷದಲ್ಲಿಯೂ ಇರುವುದುಂಟು. ಅಂಗಡಿಯವನನ್ನು ನಂಬಿ ಹಣ ಕೊಟ್ಟಿದ್ದೀರಿ, ಅವನು ದಿವಾಳಿಯಾದ. ಸಾಲದ ಲೆಕ್ಕವನ್ನು, ರಸೀದಿ ಚೀಟಿಗಳಿದ್ದರೆ ಅವುಗಳ ವಿವರವನ್ನು ಕಾಣಿಸಿದ ಅಫಿಡವಿಟ್ಟನ್ನು ಕೋರ್ಟಿಗೆ ಕೊಡಬಹುದು, ರಿಜಿಸ್ಟರ್ ಅಂಚೆಯಲ್ಲೂ ಕಳಿಸಬಹುದು. 49ನೆಯ ಕಲಮು ಇದಕ್ಕೆ ಎಡೆಕೊಟ್ಟಿದೆ. ಅಫಿಡವಿಟ್ಟಿನ ಸಹಿಯನ್ನು ಮಾತ್ರ ಮನೆಯಲ್ಲಿ ಮಾಡಿ ಒಯ್ಯಬೇಡಿ. ಪ್ರಮಾಣ ಮಾಡಿಸುವ ಅಧಿಕಾರಿಯ ಎದುರಿಗೇ ಮಾಡಿ. ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ನಿಮಗೆ ತಿಳಿಯದಿದ್ದರೆ, ನಿಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಯಿತೆಂದು ಬರೆಸಿಕೊಳ್ಳಿ. ಮೊದಲು ನಿಜವಾಗಿ ಓದಿಸಿಕೊಳ್ಳಿ!

ನಮ್ಮ ಬಂಧುಗಳು ಆ ಹಳೆಯ ಕಾಗದವನ್ನು ಬಿಟ್ಟು ವಕೀಲರೊಬ್ಬರಿಂದ ಬೇರೆ ಅರ್ಜಿ ಬರೆಸಿದರು. ಊರಿನ ಸೊಸೈಟಿಯ ಸಾಲವೂ, ಜೊತೆಯ ಕೋಣೆಯವರ ಕೈಗಡವೂ ಅದರಲ್ಲಿ ಬಂದವು. ಎರಡು ಕಡೆಯೂ ಕನ್ನಡದಲ್ಲೇ ಸಹಿ ಮಾಡಿ, ತಾರೀಖು ಹಾಕಿ, ಒಂದು ನಕಲನ್ನು ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.