ಓಪಿಡಿ ಚೀಟಿಗೆ ಸಾಲು ಯಾಕೆ?

ಸರ್ಕಾರಿ ಆಸ್ಪತ್ರೆಗೆ ಹೋಗಿಬಂದವರಿಗೆ ಗೊತ್ತು: ಡಾಕ್ಟರು ನೋಡುವುದು ಐದು ನಿಮಿಷ, ಚೀಟಿ ಮಾಡಿಸಲು ಒಂದು ತಾಸು. ಹೆಸರು, ವಯಸ್ಸು, ವಿಳಾಸ ಎಂದು ಒಬ್ಬೊಬ್ಬರನ್ನೇ ಕೇಳಿ ಟೈಪ್ ಮಾಡುವಷ್ಟರಲ್ಲಿ ಸಾಲು ಗೇಟಿನವರೆಗೆ ಬೆಳೆದಿರುತ್ತದೆ. ಈ ಸಾಲನ್ನು ಕರಗಿಸಲೆಂದೇ 2022ರ ಅಕ್ಟೋಬರ್‌ನಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ‘ಸ್ಕ್ಯಾನ್ ಅಂಡ್ ಶೇರ್’ ಎಂಬ ವ್ಯವಸ್ಥೆ ಶುರುವಾಯಿತು. ಈಗ ನಮ್ಮ ರಾಜ್ಯದ ಆಸ್ಪತ್ರೆಗಳಲ್ಲೂ ಇದೆ.

ಇದಕ್ಕೆ ಬೇಕಾದದ್ದು 14 ಅಂಕಿಯ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆ. ಆಸ್ಪತ್ರೆಯ ಗದ್ದಲದಲ್ಲಿ ನಿಂತು ಮಾಡಿಸಬೇಡಿ, ಹಿಂದಿನ ರಾತ್ರಿಯೇ ಮನೆಯಲ್ಲಿ ಕೂತು ಮಾಡಿಕೊಳ್ಳಿ. ಆಭಾ ಆ್ಯಪ್ ಇಳಿಸಿಕೊಂಡು ಆಧಾರ್ ಸಂಖ್ಯೆ ಕೊಟ್ಟರೆ ಮೊಬೈಲ್‌ಗೆ ಒಟಿಪಿ ಬರುತ್ತದೆ. ಆಧಾರ್‌ಗೆ ಜೋಡಿಸಿದ ನಂಬರ್ ಈಗ ಬಳಕೆಯಲ್ಲಿಲ್ಲವೇ? ಹಾಗಾದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಸರಿಪಡಿಸಿಕೊಳ್ಳಿ.

ಆಸ್ಪತ್ರೆಯಲ್ಲಿ ನೋಂದಣಿ ಕೌಂಟರ್ ಬಳಿ ಅಂಟಿಸಿರುವ ಕ್ಯೂಆರ್ ಕೋಡನ್ನು ಅದೇ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ, ವಿವರ ಹಂಚಿಕೊಳ್ಳಲು ಒಪ್ಪಿಗೆ ಕೊಡಿ. ಪರದೆಯ ಮೇಲೆ ಟೋಕನ್ ನಂಬರ್ ಮೂಡುತ್ತದೆ. ಅದನ್ನು ತೋರಿಸಿದರೆ ಚೀಟಿ ಕೈಗೆ.

ಒಂದು ಎಚ್ಚರ: ಯಾರ ಖಾತೆ ತೆರೆದಿದೆಯೋ ಅವರ ಹೆಸರಿಗೇ ಚೀಟಿ. ಮೊದಲ ಸಲ ನಾನು ಎಡವಿದ್ದು ಇಲ್ಲೇ. ಮಂಡಿನೋವು ಅಮ್ಮನಿಗೆ, ಚೀಟಿ ಬಂದದ್ದು ನನ್ನ ಹೆಸರಿಗೆ! ಹಾಗಾಗಿ ಹಿರಿಯರಿಗೆ ಬೇರೆ ಖಾತೆ ಮಾಡಿಸಿ, ಸ್ಕ್ಯಾನ್ ಮಾಡುವ ಮೊದಲು ಅದನ್ನೇ ತೆರೆಯಿರಿ.

ಆಭಾ ಬೇರೆ, ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಬೇರೆ. ಆಭಾ ಇದ್ದ ಮಾತ್ರಕ್ಕೆ ಚಿಕಿತ್ಸೆ ಉಚಿತವಾಗುವುದಿಲ್ಲ. ಇದನ್ನು ಮಾಡಿಸಲೇಬೇಕೆಂಬ ಕಡ್ಡಾಯವೂ ಇಲ್ಲ.

ರಕ್ತಪರೀಕ್ಷೆಯ ವರದಿ, ಡಿಸ್ಚಾರ್ಜ್ ಸಮರಿಗಳನ್ನೂ ಆಭಾಗೆ ಜೋಡಿಸಬಹುದು. ಊರು ಬದಲಿಸಿ ಬೇರೆ ಡಾಕ್ಟರಲ್ಲಿಗೆ ಹೋದಾಗ ನೀವು ಒಪ್ಪಿದರೆ ಮಾತ್ರ ಅವರು ಅವನ್ನು ನೋಡಬಹುದು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂಬಹುದು. ನನ್ನ ಮಟ್ಟಿಗೆ ಚೀಟಿಗಿಂತ ದೊಡ್ಡ ಅನುಕೂಲ ಇದೇ. ಆದರೆ ಆಸ್ಪತ್ರೆ ಅಥವಾ ಲ್ಯಾಬ್ ತನ್ನ ಕಂಪ್ಯೂಟರ್ ವ್ಯವಸ್ಥೆಯನ್ನು ಆಭಾ ಜಾಲಕ್ಕೆ ಜೋಡಿಸಿರಬೇಕು. ಜೋಡಿಸದ ಕಡೆ ನಿಮ್ಮ ಆ್ಯಪ್ ಖಾಲಿಯೇ.

ಅನುಮಾನವಿದ್ದರೆ 1800-11-4477ಕ್ಕೆ ಕರೆ ಮಾಡಿ, ಶುಲ್ಕವಿಲ್ಲ. ಹಳೆಯ ಫೈಲ್ ಮಾತ್ರ ಸದ್ಯಕ್ಕೆ ಕೈಚೀಲದಲ್ಲೇ ಇರಲಿ.