ಓದಿನ ತೊಡಕು, ಗಮನದ ಕೊರತೆ: ಒಂದೇ ಮಗುವಿನಲ್ಲಿ ಎರಡೂ ಇದ್ದಾಗ

ಮುಂಬಯಿಯ ಕನ್ನಡ ಮನೆಗಳ ಮಕ್ಕಳು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷುಗಳ ನಡುವೆ ಬೆಳೆಯುತ್ತಾರೆ. ಮಗು ಓದಿನಲ್ಲಿ ಹಿಂದುಳಿದೊಡನೆ ಪಾಲಕರು ಮೊದಲು ದೂರುವುದು ಮನೆಮಾತನ್ನು. ಬಳಿಕ ಮಗುವಿನ ಸೋಮಾರಿತನವನ್ನು. ಎರಡೂ ಸರಿಯಲ್ಲ. ಹಲವು ಭಾಷೆಗಳನ್ನಾಡುವುದರಿಂದ ಡಿಸ್ಲೆಕ್ಸಿಯಾ ಹುಟ್ಟುವುದಿಲ್ಲ. ಕನ್ನಡವನ್ನು ಕೈಬಿಟ್ಟ ಮಾತ್ರಕ್ಕೆ ಅದು ತೊಲಗುವುದೂ ಇಲ್ಲ.

ಬುದ್ಧಿಗೆ ಕೊರತೆಯಿಲ್ಲದಿದ್ದರೂ ಧ್ವನಿಗೂ ಅಕ್ಷರಕ್ಕೂ ನಂಟು ಕೂಡಿಸುವಲ್ಲಿ ಆಗುವ ತೊಡಕೇ ಡಿಸ್ಲೆಕ್ಸಿಯಾ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಹಲವು ಉಚ್ಚಾರಗಳಿರುವುದರಿಂದ ತಪ್ಪುಗಳು ಎದ್ದು ಕಾಣುತ್ತವೆ. ಬರೆದಂತೆ ಓದುವ ಕನ್ನಡದಲ್ಲಿ ಅದೇ ಮಗು ಸರಿಯಾಗಿಯೇ ಓದಬಹುದು, ಆದರೆ ಬಲು ನಿಧಾನವಾಗಿ. ಒತ್ತಕ್ಷರ ಬಂದಲ್ಲಿ ತಡವರಿಸೀತು. ಎ.ಡಿ.ಎಚ್.ಡಿ. ಬೇರೆಯೇ ಸಂಗತಿ. ಗಮನವನ್ನು ನಿಲ್ಲಿಸುವ, ಆತುರವನ್ನು ತಡೆಯುವ ಶಕ್ತಿ ಅಲ್ಲಿ ವಯಸ್ಸಿಗೆ ತಕ್ಕಷ್ಟು ಬೆಳೆದಿರುವುದಿಲ್ಲ. ಇವೆರಡೂ ಒಂದೇ ಮಗುವಿನಲ್ಲಿ ಕೂಡಿರುವುದು ಅಪರೂಪವಲ್ಲ.

ಕಣ್ಣು, ಕಿವಿಗಳ ತಪಾಸಣೆ ಮೊದಲು ಆಗಬೇಕು. ಪುಸ್ತಕ ಹಿಡಿದಾಗ ಮಾತ್ರ ಚಡಪಡಿಸುವ ಮಗುವಿಗೆ ಓದಿನ ತೊಡಕೊಂದೇ ಇರಬಹುದು. ಎ.ಡಿ.ಎಚ್.ಡಿ. ಎನ್ನಬೇಕಾದರೆ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ತೋರಿರಬೇಕು. ಶಾಲೆಯಲ್ಲಷ್ಟೇ ಅಲ್ಲ, ಮನೆಯಲ್ಲಿಯೂ ಕಾಣಬೇಕು.

ಎರಡೂ ಇವೆಯೆಂದಾದರೆ, ಇವನ್ನು ಎರಡು ಸಾಲದ ಖಾತೆಗಳೆಂದೇ ಬಗೆಯಬೇಕು. ಒಂದಕ್ಕೆ ಕಟ್ಟಿದ ಕಂತು ಮತ್ತೊಂದಕ್ಕೆ ಜಮೆಯಾಗದು. ತಜ್ಞರು ಕೊಡುವ ಮೀಥೈಲ್‌ಫೆನಿಡೇಟ್‌ನಂತಹ ಔಷಧ ಗಮನವನ್ನು ನಿಲ್ಲಿಸೀತು, ಅಕ್ಷರವನ್ನು ಕಲಿಸದು. ವಿಶೇಷ ಶಿಕ್ಷಕರ ಪಾಠ ಅಕ್ಷರವನ್ನು ಕಲಿಸೀತು, ಚಾಂಚಲ್ಯವನ್ನು ನೀಗಿಸದು. ಗುಳಿಗೆ ಆರಂಭವಾಯಿತೆಂದು ಪಾಠ ನಿಲ್ಲಿಸುವುದು ದೊಡ್ಡ ನಷ್ಟ.

ಮನೆಯಲ್ಲಿ ಓದನ್ನು ಹತ್ತು ಹತ್ತು ನಿಮಿಷಗಳಾಗಿ ಒಡೆದು, ನಡುವೆ ಎದ್ದು ಓಡಾಡಲು ಬಿಡುವುದು ಮೇಲು. ಒಂದು ಸಲಕ್ಕೆ ಒಂದೇ ಸೂಚನೆ ಸಾಕು. ಹಿರಿಯರು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕ್ರಮ ಇಲ್ಲಿ ಚೆನ್ನಾಗಿ ಒದಗುತ್ತದೆ. ಧ್ವನಿಯನ್ನು ಉಚ್ಚರಿಸುತ್ತ ಬೆರಳಾಡಿಸುವಾಗ ಚಂಚಲ ಕೈಗೂ ಕೆಲಸ ಸಿಗುತ್ತದೆ. ಒಂದೇ ಕೋಣೆಯ ಮನೆಯಾದರೆ ಆ ಹೊತ್ತಿಗೆ ಟೀವಿ ಆರಿಸುವ ತ್ಯಾಗ ಹಿರಿಯರದ್ದು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಹೆಸರಿಸುವ 21 ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ತೊಡಕು ಸೇರಿದೆ; ಎ.ಡಿ.ಎಚ್.ಡಿ. ಹೆಸರು ಅಲ್ಲಿಲ್ಲ. ಆದ್ದರಿಂದ ಡಿಸ್ಲೆಕ್ಸಿಯಾ ಕುರಿತ ಪ್ರಮಾಣಪತ್ರಕ್ಕೆ ಹೆಚ್ಚಿನ ಬೆಲೆಯಿದೆ. ಮುಂದೆ ಸಂಬಂಧ ಕುದುರದೆಂಬ ಅಂಜಿಕೆಯಿಂದ ಅದನ್ನು ಕಪಾಟಿನಲ್ಲಿ ಬಚ್ಚಿಡುವವರಿದ್ದಾರೆ. ಶಾಲೆಗೆ ಸಲ್ಲಿಸಿದರೆ, ಸಿ.ಬಿ.ಎಸ್.ಇ. ಪರೀಕ್ಷೆಯಲ್ಲಿ ಮೂರು ಗಂಟೆಯ ಪ್ರಶ್ನೆಪತ್ರಿಕೆಗೆ ಒಂದು ಗಂಟೆ ಹೆಚ್ಚುವರಿ ಸಮಯ ದೊರೆಯುತ್ತದೆ.